ಆನೆಗಳ ಆಸ್ಪತ್ರೆ

ಜೂನ್ ೯, ಭಾನುವಾರ

ಹೇಮಾಶ್ರೀಯನ್ನು ಅರಸೀಕೆರೆಯಲ್ಲಿ ಹುಬ್ಬಳ್ಳಿ ಗಾಡಿ ಹತ್ತಿಸಿ ಬಂದೆ. ನಾಳೆ ಅವಳು ಗದಗದ ಹತ್ತಿರದ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾಗಿ ಕೆಲಸಕ್ಕೆ ಹಾಜರಾಗಬೇಕು. ಮದುವೆಯಾದಾಗಿನಿಂದ ಪರೀಕ್ಷೆ ಬರೆದು ಬರೆದು ಕೊನೆಗೂ ಸಿಕ್ಕ ಕೆಲಸ. ಹಾಸನ ಜಿಲ್ಲೆಯೊಳಗೇ ಹಾಕಲಿ ಎಂದು ನಾನು ಬೇಡಿಕೊಳ್ಳದ ದೇವರಿಲ್ಲ.

ಅವಳಿದ್ದಾಗ ದಿನದ ಗೊಣಗಾಟವನ್ನೆಲ್ಲ ಅವಳ ಕಿವಿಗೆ ಸುರಿಯುತ್ತಿದ್ದೆ. ಇನ್ನು ಇದಕ್ಕೆ. ವಿಮೆಯವರು ಕೊಟ್ಟ ಡೈರಿ, ಜನವರಿಯಿಂದ ಖಾಲಿ ಬಿದ್ದಿತ್ತು.

ದೊಡ್ಡವನು ಬಲ್ಲಾಳ, ಒಂಬತ್ತು ವರ್ಷ. ಚಿಕ್ಕವನು ಎರೆಯಂಗ, ಆರು. ಹೊಯ್ಸಳ ದೊರೆಗಳ ಹೆಸರಿಟ್ಟವಳು ಇತಿಹಾಸ ಓದಿದ ತಾಯಿ. ಹಳೇಬೀಡಿನ ಬೀದಿಯಲ್ಲಿ ನಿಂತು ಆ ಹೆಸರುಗಳನ್ನು ಕೂಗಬೇಕಾದವನು ನಾನು. ಶಾಲೆಯಲ್ಲಿ ಚಿಕ್ಕವನನ್ನು ಎರೆಹುಳ ಅನ್ನುತ್ತಾರಂತೆ. ಅವನಿಗೆ ಬೇಸರವಿಲ್ಲ. "ಎರೆಹುಳಕ್ಕೆ ಐದು ಹೃದಯ ಗೊತ್ತಾ, ನಿಮಗೆಲ್ಲ ಒಂದೇ" ಎಂದು ಅವರಿಗೇ ಹೇಳಿ ಬಂದಿದ್ದಾನೆ. ಮನೆಯಲ್ಲಿ ನಾವು ಅವನನ್ನು ಎರಿ ಎನ್ನುತ್ತೇವೆ.

ಗಾಡಿ ಹೋದ ಮೇಲೆ ಎರಿ ಕೇಳಿದ, "ಅಪ್ಪಾ, ಅಮ್ಮ ಹೋದ ಹಳಿ ನಮ್ಮೂರಿಗೆ ಯಾಕೆ ಬರಲ್ಲ?"

"ಹಳೇಬೀಡಿಗೆ ರೈಲಿಲ್ಲ ಕಣೋ."

ಮನೆಗೆ ಬಂದು ನಾನು ಮುಖ ತೊಳೆಯುವಷ್ಟರಲ್ಲಿ ಇಬ್ಬರೂ ಸೀಮೆಸುಣ್ಣದಲ್ಲಿ ಹಾಲಿನಿಂದ ಅಡುಗೆಮನೆಯವರೆಗೆ ಹಳಿ ಎಳೆದಿದ್ದರು. ದೇವರ ಮನೆಯ ಹೊಸಿಲು ಸುರಂಗವಂತೆ. ಇಬ್ಬರ ಕೈಗೂ ಒದ್ದೆ ಬಟ್ಟೆ ಕೊಟ್ಟು ಒರೆಸಿಸಿದೆ. ಇಷ್ಟು ದಿನ ಅವಳ ಸಲಿಗೆ ಹೆಚ್ಚಾಗಿತ್ತು. ನಾಳೆಯಿಂದ ಶಿಸ್ತು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಜೂನ್ ೧೩, ಗುರುವಾರ

ಬೇಲೂರು ಬಸ್ಸು ತಪ್ಪಿತು. ತಾಲ್ಲೂಕು ಕಚೇರಿಗೆ ಕಾಲಿಟ್ಟಾಗ ತಹಶೀಲ್ದಾರರು ಗಡಿಯಾರ ನೋಡಿದರು.

ತಡವಾಗಲು ಕಾರಣ ದೋಸೆ. ಎರಿ ದೋಸೆಯನ್ನು ಅಂಚಿನಿಂದ ಸುತ್ತ ತಿನ್ನುತ್ತಾನೆ, ನಡುವಿನದನ್ನು ಮುಟ್ಟುವುದಿಲ್ಲ. ಅಲ್ಲಿ ಜನ ಇದ್ದಾರಂತೆ. ಬಲ್ಲಾಳನ ಬೂಟಿನೊಳಗೆ ಬೆಣಚುಕಲ್ಲು. ನಿಧಿ ಅಂತೆ, ತೆಗೆಯಬಾರದಂತೆ. ಎರಡನ್ನೂ ಕಿಟಕಿಯಿಂದಾಚೆ ಎಸೆದೆ, ಜನವನ್ನೂ ನಿಧಿಯನ್ನೂ.

ಜೂನ್ ೨೯, ಶನಿವಾರ

ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಹುಡುಗರು ಪಕ್ಕದ ಮನೆಯ ಮೀನಾಕ್ಷಿಯ ಹೊಲಿಗೆ ಅಂಗಡಿಯಲ್ಲಿ ಕೂತಿರಬೇಕು ಎಂಬುದು ಒಪ್ಪಂದ. ಇವತ್ತು ಬರುವಾಗ ಅಂಗಡಿಯಲ್ಲಿ ಇಬ್ಬರೂ ಇಲ್ಲ. "ಕೋಟೆ ಕಟ್ಟಬೇಕು ಅಂತ ಓಡಿದ್ರು ಕಣಣ್ಣ" ಎಂದಳು.

ಹಾಲಿನ ತುಂಬ ಹೊದಿಕೆ, ಬೆಡ್‌ಶೀಟು, ನನ್ನ ಪಂಚೆ. ಕುರ್ಚಿಯಿಂದ ಕಪಾಟಿಗೆ, ಕಪಾಟಿನಿಂದ ಕಿಟಕಿ ಸರಳಿಗೆ ಕಟ್ಟಿದ್ದಾರೆ. ಬಲ್ಲಾಳನ ತಲೆಯ ಮೇಲೆ ಅಕ್ಕಿ ಅಳೆಯುವ ಸೇರು. ಎರಿ ಒಳಗಿಂದ ಕೂಗಿದ, "ಯಾರದು? ಗುಟ್ಟಿನ ಮಾತು ಹೇಳು, ಇಲ್ಲಾಂದ್ರೆ ಬಾಣ ಬಿಡ್ತೀವಿ!"

ಎಲ್ಲವನ್ನೂ ಎಳೆದು ಹಾಕಿದೆ. ಮಡಿಸಿ ಒಳಗಿಟ್ಟೆ.

ಊಟ ಮುಗಿಸಿ ಇಬ್ಬರೂ ಬೇಗ ಮಲಗಿಬಿಟ್ಟರು. ಮನೆ ಚೊಕ್ಕಟವಾಗಿದೆ.

ಜುಲೈ ೧೪, ಭಾನುವಾರ

ಮಾದಿಹಳ್ಳಿಯಿಂದ ಅವ್ವ ಬಂದಿದ್ದಳು, ಎಳನೀರು ಮೊಸರು ಹೊತ್ತುಕೊಂಡು. ಮನೆಯನ್ನೂ ಮೊಮ್ಮಕ್ಕಳನ್ನೂ ಒಂದು ಸುತ್ತು ನೋಡಿ ತೀರ್ಪು ಕೊಟ್ಟಳು.

"ಇದೇನ್ಲಾ ದೀಪಕ, ಹುಡುಗ್ರು ಇಂಗಾಗವ್ರೆ? ಆ ಹೇಮ ಕೆಲ್ಸ ಬುಟ್ ಬರ್ಲಿ ಕಣ್ಲಾ. ನಿನ್ ಸಂಬ್ಳ ಸಾಲ್ದಾ? ಹೆಣ್ ದಿಕ್ಕಿಲ್ದ ಮನೆ ಮನೆಯಾ?"

ಅವ್ವ ಹೇಳಿದ್ದರಲ್ಲಿ ತಪ್ಪೇನಿದೆ? ಸಂಜೆ ಹೇಮಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಲ್ಲಾಳ ಗಣಿತದಲ್ಲಿ ಹಿಂದೆ ಬಿದ್ದಿರುವುದು, ಎರಿ ಅನ್ನ ಬಿಡುವುದು, ತಹಶೀಲ್ದಾರರು ಗಡಿಯಾರ ನೋಡುವುದು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ಇನ್ನು ಸ್ವಲ್ಪ ದಿನ ನೋಡೋಣಾರೀ. ಇಲ್ಲಿ ಮಕ್ಕಳಿಗೆ ಪಾಠ ಈಗ ತಾನೇ ಹತ್ತುತ್ತಾ ಇದೆ" ಎಂದಳು. ದನಿ ಸಣ್ಣಗಿತ್ತು.

"ನಿನ್ನ ಮಕ್ಕಳು ಇಲ್ಲಿದ್ದಾರೆ" ಎಂದೆ.

ಆಗಸ್ಟ್ ೩, ಶನಿವಾರ

ಮಧ್ಯಾಹ್ನ ಕಚೇರಿಗೆ ಫೋನು. ದೇವಸ್ಥಾನದ ಕಾವಲಿನ ಮರುಳಪ್ಪ.

"ದೀಪಕ್ ಸಾ, ನಿಮ್ ಹುಡುಗ್ರು ಇಲ್ಲವ್ರೆ. ವಸಿ ಬಿರ್ನೆ ಬನ್ನಿ."

"ಏನಾಯ್ತು ಮರುಳಪ್ಪ? ಪೆಟ್ಟಾಯ್ತಾ?"

"ಅವ್ರಿಗೇನೂ ಆಗಿಲ್ಲ ಸಾ. ಆನೆಗಾಗೈತೆ."

ಬಸ್ಸಿಗೂ ಕಾಯದೆ ಯಾರದೋ ಬೈಕಿನ ಹಿಂದೆ ಕೂತು ಬಂದೆ. ಹೊಯ್ಸಳೇಶ್ವರನ ಗುಡಿಯ ಅಂಗಳದಲ್ಲಿ ಒಡೆದ ವಿಗ್ರಹಗಳನ್ನು ಹುಲ್ಲಿನ ಮೇಲೆ ಇಟ್ಟಿದ್ದಾರಲ್ಲ, ಅಲ್ಲಿ ಜನ ಗುಂಪುಗೂಡಿ ನಗುತ್ತಿದ್ದರು. ಯಾವುದೋ ಶಾಲೆಯ ಪ್ರವಾಸದ ಮಕ್ಕಳು, ಮೊಬೈಲು ಹಿಡಿದ ಮೇಷ್ಟ್ರುಗಳು. ಗುಂಪು ಸರಿಸಿ ನೋಡಿದೆ. ಸೊಂಡಿಲು ಮುರಿದ ಕಲ್ಲಾನೆಗೆ ಅರಿಶಿನ ಮೆತ್ತಿ ಬಟ್ಟೆಯ ಪಟ್ಟಿ ಸುತ್ತಿದ್ದಾರೆ. ಕಿವಿ ಹೋದ ಇನ್ನೊಂದಕ್ಕೆ ತಲೆಗೆ ಪಟ್ಟಿ. ಕೈ ಮುರಿದ ಯಾವುದೋ ದೇವಿಗೆ ಕೈಯನ್ನು ಕುತ್ತಿಗೆಗೆ ಕಟ್ಟಿ ತೂಗುಹಾಕಿದ್ದಾರೆ. ಕೈ ಇಲ್ಲವಾದ್ದರಿಂದ ಬಟ್ಟೆ ಮಾತ್ರ ತೂಗುತ್ತಿತ್ತು. ಬಟ್ಟೆ ಹೇಮಾಳ ಹಳೆಯ ನೀಲಿ ಅಂಚಿನ ಹತ್ತಿ ಸೀರೆ. ಕತ್ತರಿ ಮೀನಾಕ್ಷಿಯ ಅಂಗಡಿಯದು. ಅರಿಶಿನ ನಮ್ಮದೇ ಡಬ್ಬದ್ದು.

ಎರಿ ಒಂದು ಆನೆಯ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ. "ಇದಕ್ಕೆ ತುಂಬಾ ನೋವಿದೆಯಂತೆ ಅಣ್ಣ" ಎಂದ.

ಮರುಳಪ್ಪನ ಮುಖ ನೋಡಲಾಗಲಿಲ್ಲ. "ನಾನ್ ಉಣ್ಣಕ್ಕೋಗಿದ್ದೆ ಸಾ. ಸೋಮ್ವಾರ ನಮ್ ದೊಡ್ ಸಾಹೇಬ್ರು ಬತ್ತಾರೆ. ಈ ಹಳ್ದಿ ಕಣ್ಣಿಗ್ ಬಿದ್ರೆ ಮೊದ್ಲು ಹೋಗೋದು ನನ್ ಕೆಲ್ಸ. ಪರ್ಮನೆಂಟಲ್ಲ ನಂದು."

ನಗುತ್ತಿದ್ದ ಜನದ ಮಧ್ಯೆ ನನ್ನ ತಲೆಗೆ ರಕ್ತ ಏರಿತು. ಬಲ್ಲಾಳನ ಕೆನ್ನೆಗೆ ಬಾರಿಸಿದೆ. ಅವನು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, "ಹೊಡಿ ಅಪ್ಪಾ, ಪರವಾಗಿಲ್ಲ. ಆದರೆ ಆ ಮರಿಯಾನೆಗೆ ಇನ್ನೂ ಕಟ್ಟಿಲ್ಲ" ಎಂದ.

ಪಟ್ಟಿಗಳನ್ನೆಲ್ಲ ಬಿಚ್ಚಿ ನಾನೂ ಮರುಳಪ್ಪನೂ ನೀರು ತಂದು ತೊಳೆದೆವು. ಅರಿಶಿನ ಹೋದಂತೆ ಕಂಡು ಒಣಗಿದ ಮೇಲೆ ಮತ್ತೆ ಎದ್ದು ಬಂತು. ಬಿಸಿಲು ಬಿದ್ದರೆ ತಾನೇ ಹಾರಿಹೋಗುತ್ತದೆ ಎಂದಳು ಮೀನಾಕ್ಷಿ, ಕತ್ತರಿ ವಾಪಸ್ಸು ಕೊಡಲು ಹೋದಾಗ. ಶ್ರಾವಣದ ಬಾಗಿಲಲ್ಲಿ ಬಿಸಿಲನ್ನು ಎಲ್ಲಿಂದ ತರಲಿ?

ಊಟಕ್ಕೆ ಕೂತಾಗ ಎರಿ ನನ್ನ ಹತ್ತಿರ ಬಂದು ನಿಂತ. "ಅಪ್ಪಾ, ಅಣ್ಣಂಗೆ ಹೊಡೆದಿದ್ದು ತಪ್ಪು. ನೋವಿದೆ ಅಂತ ಹೇಳಿದ್ದು ನಾನು. ಅವನು ಡಾಕ್ಟರ್ ಅಷ್ಟೇ." ಹೇಳಿ, ಕೆನ್ನೆ ಮುಂದೆ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಸಾರು ಸಪ್ಪೆಯಾಗಿತ್ತೋ ಏನೋ, ಊಟ ಸೇರಲಿಲ್ಲ.

ಆಗಸ್ಟ್ ೪, ಭಾನುವಾರ

ಮೋಡ. ಬೆಳಗಿನಿಂದ ಮೂವರೂ ಜಗಲಿಯಲ್ಲಿ ಕೂತು ಆಕಾಶ ನೋಡಿದೆವು. ಎರಿ ಸೂರ್ಯನಿಗೆ ಆದೇಶ ಹೊರಡಿಸಿದ. ಜಾರಿಯಾಗಲಿಲ್ಲ. ನಮ್ಮ ಕಚೇರಿಯ ಆದೇಶಗಳ ಪಾಡೂ ಅದೇ ಎಂದೆ. ಬಲ್ಲಾಳ ನಕ್ಕ. ನಿನ್ನೆಯಿಂದ ಮೊದಲ ಬಾರಿಗೆ.

ಆಗಸ್ಟ್ ೫, ಸೋಮವಾರ

ರಜೆ ಹಾಕಿ ಹುಡುಗರನ್ನೂ ಕರೆದುಕೊಂಡು ಗುಡಿಗೆ ಹೋದೆ. ಮರುಳಪ್ಪ ದಾರಿಯಲ್ಲೇ ಹಿಡಿದು ಕಿವಿಯಲ್ಲಿ ಹೇಳಿದ, "ಯಾರೋ ಭಕ್ತ್ರು ಹಚ್ಚೋಗವ್ರೆ ಅಂತ ಏಳ್ತೀನಿ ಬುಡಿ ಸಾ. ನೀವ್ ದೂರ ನಿಂತ್ಕಳಿ." ನನಗೂ ಅದೇ ಸರಿ ಅನ್ನಿಸಿತು. ದೂರ ನಿಂತೆ.

ಪುರಾತತ್ವ ಇಲಾಖೆಯ ಆ ಸಾಹೇಬರು ಎತ್ತರದ ಆಳು. ಆನೆಯ ಮುಂದೆ ಬಗ್ಗಿದರು. "ಇದೇನ್ರೀ ಹಳದಿ? ನೀವೆಲ್ಲಿದ್ರಿ?" ಎಂದರು. ಮರುಳಪ್ಪನ ಬಾಯಿಂದ ಭಕ್ತರೂ ಹೊರಡಲಿಲ್ಲ, ಇನ್ನೇನೂ ಹೊರಡಲಿಲ್ಲ. ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ. ಅಷ್ಟರಲ್ಲಿ ಬಲ್ಲಾಳ ನನ್ನ ಕೈ ಬಿಡಿಸಿಕೊಂಡು ಓಡಿ, "ಅವರು ಊಟಕ್ಕೆ ಹೋಗಿದ್ದರು ಸರ್. ನಾವು ಅದನ್ನ ನೋಡಿಕೊಂಡೇ ಬಂದಿದ್ದು" ಎಂದುಬಿಟ್ಟ.

ಆಮೇಲೆ ನನ್ನ ಕಾಲು ಹೇಗೆ ಮುಂದೆ ಹೋಯಿತೋ. "ಇವರು ನನ್ನ ಮಕ್ಕಳು ಸರ್. ಮಕ್ಕಳನ್ನು ನೋಡಿಕೊಳ್ಳಬೇಕಾದವನು ನಾನು. ಮರುಳಪ್ಪನವರ ಕೆಲಸ ಕಲ್ಲು ಕಾಯೋದು, ನನ್ನ ಮಕ್ಕಳನ್ನ ಕಾಯೋದಲ್ಲ. ತಪ್ಪು ನಂದು" ಎಂದೆ.

"ಏನು ಮಾಡ್ಕೊಂಡಿದೀರಿ?"

"ಬೇಲೂರು ತಾಲ್ಲೂಕು ಕಚೇರಿ, ಸರ್."

"ಸರ್ಕಾರಿ ನೌಕರರು ಬೇರೆ! ಕಾನೂನು ಗೊತ್ತಿಲ್ವೇನ್ರೀ? ಪೊಲೀಸರಿಗೆ ಬರೆದು ಕೊಟ್ಟರೆ ಏನಾಗುತ್ತೆ ಗೊತ್ತಾ?" ಎಂದು ಚೆನ್ನಾಗಿ ಬೈದರು. ತಲೆ ತಗ್ಗಿಸಿ ನಿಂತಿದ್ದೆ. ಎರಿ ಮಾತ್ರ ಪೊಲೀಸ್ ಅಂದ ಕೂಡಲೇ ತಲೆ ಎತ್ತಿದ.

"ಸರ್, ಈ ಆನೆ ಸೊಂಡಿಲು ಮುರಿದವರ ಮೇಲೆ ಕೇಸ್ ಆಯ್ತಾ?"

ಸಾಹೇಬರು ಅವನನ್ನು ನೋಡಿದರು. "ಅದು ತುಂಬಾ ಹಿಂದಿನ ಮಾತು ಮರಿ."

"ಅಷ್ಟು ದಿನದಿಂದ ಯಾರೂ ಔಷಧಿ ಹಾಕಿಲ್ವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪೊಪ್ಪಿಗೆ ಬರೆಸಿಕೊಂಡು ಬಿಟ್ಟರು. ಒಂದೇ ಷರತ್ತು: ನಾನು ಜೊತೆಯಲ್ಲಿ ಇಲ್ಲದೆ ಈ ಇಬ್ಬರು ಅಂಗಳದೊಳಗೆ ಕಾಲಿಡುವಂತಿಲ್ಲ. ಮರುಳಪ್ಪನಿಗೆ ಏನೂ ಆಗಲಿಲ್ಲ. ಹೊರಗೆ ಬಂದು ಹುಡುಗರಿಗೆ ಅವನೇ ಕಡಲೆಕಾಯಿ ಕೊಡಿಸಿದ.

ಮನೆಯಲ್ಲಿ ಬಲ್ಲಾಳನನ್ನು ಹತ್ತಿರ ಕರೆದು ಕೆನ್ನೆ ನೋಡಿದೆ. "ಅದು ಅವತ್ತೇ ವಾಸಿಯಾಯ್ತಪ್ಪ" ಎಂದ.

ಆಗಸ್ಟ್ ೧೧, ಭಾನುವಾರ

ಆನೆಯ ಪ್ರಕರಣ ಹೇಮಾಳಿಗೆ ನಾನು ಹೇಳಿರಲಿಲ್ಲ, ಅವ್ವ ಹೇಳಿದ್ದಾಳೆ. ಹೇಮಾ ಫೋನಿನಲ್ಲಿ ತುಂಬ ಹೊತ್ತು ಅತ್ತಳು. "ಸಾಕು ಬಿಡಿ. ಹಬ್ಬಕ್ಕೆ ಬಂದವಳು ಮತ್ತೆ ಹೋಗಲ್ಲ. ರಾಜೀನಾಮೆ ಕೊಟ್ಟುಬಿಡ್ತೀನಿ" ಎಂದಳು.

ನನಗೆ ಸಮಾಧಾನವಾಯಿತು ಎಂದು ಬರೆಯಬೇಕು. ಬರೆದಿದ್ದೇನೆ.

ಆಗಸ್ಟ್ ೧೮, ಭಾನುವಾರ

ಷರತ್ತಿನ ಪ್ರಕಾರ ನಾನೂ ಹೋಗಲೇಬೇಕಾಯಿತು. ಮುಟ್ಟುವ ಹಾಗಿಲ್ಲ, ವಿಚಾರಿಸಿಕೊಳ್ಳಬಹುದು ಎಂದು ಒಪ್ಪಂದ. ಇದಕ್ಕೆ ರೌಂಡ್ಸ್ ಎಂದು ಹೆಸರು. ನನಗೆ ಮೊದಲು ಏನೂ ಕೆಲಸ ಕೊಟ್ಟಿರಲಿಲ್ಲ. ಆಮೇಲೆ ಕನಿಕರದಿಂದ ಕಾಂಪೌಂಡರ್ ಮಾಡಿಕೊಂಡರು.

ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳು ಒಂದರ ಹಿಂದೆ ಒಂದು ಹೋಗುತ್ತಿವೆಯಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಒಂದೇ ಅಚ್ಚು ಎಂದುಕೊಂಡಿದ್ದೆ. ಅಲ್ಲ. ಒಂದು ಬಳ್ಳಿ ಎಳೆಯುತ್ತಿದೆ, ಒಂದಕ್ಕೆ ನಿದ್ದೆ ಬಂದಿದೆ, ಒಂದು ಮುಂದಿನದರ ಕಾಲು ತುಳಿಯುವುದರಲ್ಲಿದೆ. ಮೇಲೆ ಇಡೀ ದೇವಸ್ಥಾನ ಹೊತ್ತುಕೊಂಡಿರುವುದರಿಂದ ಎಲ್ಲದಕ್ಕೂ ಸೊಂಟನೋವು ಸಾಮಾನ್ಯ ಎಂದ ಡಾಕ್ಟರ್ ಬಲ್ಲಾಳ. ಮೂಲೆಯ ಆನೆಯೊಂದು ಊಟ ಬಿಟ್ಟಿದೆಯಂತೆ, ಕಾರಣ ಎರಿಗೂ ಹೇಳುತ್ತಿಲ್ಲವಂತೆ. ನಾನು ನೋಡಿದೆ.

"ಒಂಬೈನೂರು ವರ್ಷದಿಂದ ಅದರ ಮೂಗಿನ ಮುಂದೆ ಇನ್ನೊಂದರ ಬಾಲ ಇದೆಯಲ್ಲೋ. ನೀನಾಗಿದ್ದರೆ ಊಟ ಮಾಡ್ತಿದ್ಯಾ?"

ಇಬ್ಬರೂ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕರು. ಎರಿ ಎದ್ದು ಹೋಗಿ ಆನೆಯನ್ನು ಕೇಳಿ ಬಂದು, "ಹೌದಂತೆ! ಅಪ್ಪಂಗೂ ಕೇಳಿಸುತ್ತೆ ಅಣ್ಣ!" ಎಂದ. ತಹಶೀಲ್ದಾರರು ಬಡ್ತಿ ಕೊಟ್ಟಿದ್ದರೂ ಇಷ್ಟು ಹಿಗ್ಗುತ್ತಿರಲಿಲ್ಲವೇನೋ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು.

ಅಲ್ಲಿಂದ ಆಟೋ ಮಾಡಿಕೊಂಡು ಹುಲಿಕೆರೆಯ ಕೊಳಕ್ಕೆ ಹೋದೆವು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಆ ಕೊಳ ತಲೆಕೆಳಗಾದ ಬೆಟ್ಟವಂತೆ. ನೀರೊಳಗೆ ಕಾಣುವವರಿಗೆ ನಾವೇ ತಲೆಕೆಳಗಂತೆ. ಮೂವರೂ ಮೆಟ್ಟಿಲ ಮೇಲೆ ಕೂತು ಅವರಿಗೆ ಕೈ ಬೀಸಿದೆವು. ಅವರೂ ಬೀಸಿದರು.

ಮನೆಗೆ ಟೊಮೆಟೊ ತರುವುದು ಮರೆತುಹೋಯಿತು.

ಆಗಸ್ಟ್ ೨೯, ಗುರುವಾರ

ಇವತ್ತು ನಾನು ಹುಲಿ. ಮಂಡಿ ಎರಡೂ ನೋಯುತ್ತಿವೆ. ಹೆಚ್ಚು ಬರೆಯಲಾರೆ.

ಸೆಪ್ಟೆಂಬರ್ ೮, ಭಾನುವಾರ

ಹೇಮಾ ಗೌರಿ ಹಬ್ಬದ ಬೆಳಗ್ಗೆ ಬಂದಳು. ಇಳಿದುಹೋಗಿದ್ದಾಳೆ. ಅವ್ವನೂ ಬಂದಿದ್ದಾಳೆ.

ಬಾಗಿಲು ದಾಟಿದವಳೇ ನಿಂತುಬಿಟ್ಟಳು. "ಇದೇನ್ರೀ ಇದು, ಹಾಲಿನಲ್ಲಿ ಬೆಡ್‌ಶೀಟು?"

"ಕೋಟೆ. ಬಲಗಡೆಯಿಂದ ಬಗ್ಗಿ ಬಾ, ಎಡಗಡೆ ಕಂದಕ ಇದೆ" ಎಂದೆ. ಅವಳು ಹಾಗೇಕೆ ನನ್ನನ್ನೇ ನೋಡುತ್ತ ನಿಂತಳೋ.

ಹಬ್ಬ ಚೆನ್ನಾಗಿ ಆಯಿತು. ಕಡುಬು ಅವ್ವನದು, ಪೂಜೆ ಹೇಮಾಳದು. ನಿನ್ನೆ ಸಂಜೆ ಮಾತ್ರ ಒಂದು ಸಂಗತಿ ನಡೆಯಿತು. ಎರಿ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡ. ಹೇಮಾ ಬಾಗಿಲಲ್ಲೇ ಇದ್ದಳು, ಕೈ ಚಾಚಿದಳು. ಅವನು ಅಳುತ್ತ ಅವಳ ಪಕ್ಕದಿಂದಲೇ ಓಡಿ ಬಂದು ಒಳಗಿದ್ದ ನನ್ನ ಕಾಲು ತಬ್ಬಿಕೊಂಡ. ಎತ್ತಿಕೊಂಡೆ. ಯಾವಾಗಲೂ ಮಾಡುವುದು ಅದನ್ನೇ ತಾನೇ. ತಲೆ ಎತ್ತಿದಾಗ ಹೇಮಾ ಬಾಗಿಲಲ್ಲಿ ಇರಲಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ.

"ನಾನಿಲ್ಲದೆ ಮನೆ ಮುಳುಗಿಹೋಗ್ತಿದೆ ಅಂದ್ಕೊಂಡು ಓಡಿ ಬಂದೆ" ಎಂದಳು. "ನಡೀತಾ ಇದೆಯಲ್ಲ."

"ನಡೀತಿದೆ ಅಂತೇನಿಲ್ಲ. ಮೊನ್ನೆ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ್ದೆ."

ಅವಳು ನಗಲಿಲ್ಲ. "ಅವನು ನನ್ನ ಹತ್ತಿರ ಬರಲಿಲ್ಲ ಕಣ್ರೀ."

ನಿಜವನ್ನೇ ಹೇಳಿದೆ. "ದಿನಾ ಶಾಲೆಯಿಂದ ಬಂದ ತಕ್ಷಣ ನಿನಗೆ ಹೇಳೋಕೆ ಅಂತ ಒಂದೊಂದು ಸುದ್ದಿ ಆರಿಸಿ ಇಟ್ಕೋತಾನೆ ಅವನು. ಅದನ್ನ ನನಗೂ ಹೇಳಲ್ಲ. ಅಮ್ಮಂದು ಅಂತಾನೆ."

ಅವಳು ಕಾಯಿ ಬಿಡಿಸುತ್ತಲೇ ಕಾಲೇಜಿನ ವಿಷಯ ಹೇಳಿದಳು. ಅಲ್ಲಿ ಎರಡು ವರ್ಷದಿಂದ ಇತಿಹಾಸಕ್ಕೆ ಮೇಷ್ಟ್ರೇ ಇರಲಿಲ್ಲವಂತೆ. ಹುಡುಗಿಯರು ದೂರದ ಹಳ್ಳಿಗಳಿಂದ ನಡೆದು ಬರುತ್ತಾರಂತೆ. ತಾನು ಬಿಡುತ್ತೇನೆಂದು ಹೇಗೋ ಗೊತ್ತಾಗಿ, ಶಾಂತವ್ವ ಎಂಬ ಹುಡುಗಿ ಬಸ್‌ಸ್ಟ್ಯಾಂಡಿನ ತನಕ ಬ್ಯಾಗು ಹೊತ್ತು ತಂದಳಂತೆ. ಏನೂ ಕೇಳಲಿಲ್ಲವಂತೆ, ಬಸ್ಸು ಹೊರಡುವವರೆಗೂ ನಿಂತಿದ್ದಳಂತೆ.

ಇದನ್ನೆಲ್ಲ ಅವಳು ಜುಲೈನಲ್ಲೇ ಹೇಳಬಹುದಿತ್ತು. ಬಹುಶಃ ನಾನು ಕೇಳಲಿಲ್ಲ.

"ಬಿಡಬೇಡ ಕಣೇ" ಎಂದೆ.

ಹೇಮಾ ಉತ್ತರ ಕೊಡುವ ಮೊದಲೇ ಒಳಗಿಂದ ಅವ್ವ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಏನ್ಲಾ ಅಂದೆ? ಹೆತ್ತೋಳು ಅಲ್ಲಿ, ಮಕ್ಳು ಇಲ್ಲಿ! ಜನ ಏನಂದಾರು?"

"ಮಕ್ಕಳ ಜೊತೆ ನಾನಿಲ್ವಾ ಅವ್ವ?"

"ನೀನಾ?" ಎಂದಳು ಅವ್ವ. ಒಳಗೆ ಬಲ್ಲಾಳ ಎರಿಗೆ ಏನೋ ಯುದ್ಧದ ಪಾಠ ಹೇಳುತ್ತಿದ್ದ, ಅದು ಕೇಳಿಸುತ್ತಿತ್ತು. ಅವ್ವ ಮೆಟ್ಟಿಲ ಮೇಲೆ ಕೂತಳು. "ನಿಮ್ಮಪ್ಪ ಒಂದಿನಾನಾರ ನಿನ್ನ ಎತ್ತಾಡ್ಸಿದ್ದು ಕಾಣೆ ನಾನು" ಎಂದಳು, ಯಾರಿಗೋ ಹೇಳುವಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಹೇಮಾಳ ಕೈಯಿಂದ ಮೊರ ಕಿತ್ತುಕೊಂಡಳು. "ಹಂಗಾರೆ ವಾರಕ್ಕೊಂದಪ ನಾನೇ ಬತ್ತೀನಿ. ಇವ್ನ್ ಮಾಡೋ ಸಾರ್ ಕುಡ್ದು ಹುಡುಗ್ರು ಬಡಕಲಾಗವ್ರೆ. ನೀ ಹೋಗಮ್ಮ, ಅಷ್ಟ್ ಓದಿದೀಯಂತೆ, ಹೇಳ್ಕೊಡು ಹೋಗು."

ಇವತ್ತು ಬೆಳಗ್ಗೆ ಹೇಮಾ ಹೊರಟಳು. ಕೆಲಸ ಬಿಡಲಿಲ್ಲ.

ಸೆಪ್ಟೆಂಬರ್ ೨೯, ಭಾನುವಾರ

ಈಗಷ್ಟೇ ಗದಗದಿಂದ ಬಂದೆವು. ಎರಡನೇ, ನಾಲ್ಕನೇ ಶನಿವಾರ ನಮ್ಮ ಕಚೇರಿಗೆ ರಜೆ, ಹೇಮಾಳ ಕಾಲೇಜಿಗೆ ಇರುವುದಿಲ್ಲ. ಹಾಗಾಗಿ ಹುಡುಗರಿಗೆ ಶಾಲೆ ತಪ್ಪಿಸಿ ಕರೆದುಕೊಂಡು ಹೋಗಿದ್ದೆ. ನಾನು, ಶಾಲೆ ತಪ್ಪಿಸಿ! ಇರಲಿ.

ನಿನ್ನೆ ಕಾಲೇಜಿಗೆ ಮುಟ್ಟಿದಾಗ ಅವಳು ಪಾಠ ಮಾಡುತ್ತಿದ್ದಳು. ತಗಡಿನ ಮಾಡಿನ ಉದ್ದನೆಯ ಕೋಣೆ. ಕಿಟಕಿಯ ಹೊರಗೆ ನಿಂತು ಕೇಳಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಆ ದನಿ ನಾನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದೇ ಇಲ್ಲ. ಇಡೀ ಕೋಣೆ ಉಸಿರು ಹಿಡಿದು ಕೇಳುತ್ತಿತ್ತು. ಎರಿ ನನ್ನ ಕೈ ತಪ್ಪಿಸಿ ಒಳನುಗ್ಗಿ ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟ. ಹುಡುಗಿಯರು ತಿರುಗಿ ನೋಡಿದರು.

"ಮೇಡಂ ಮಕ್ಕಳೇನ್ರೀ? ಆನಿಗೆ ಪಟ್ಟಿ ಕಟ್ಟಿದಾವ ಯಾರು ಇವರೊಳಗ?" ಎಂದು ಒಬ್ಬಳು ಕೇಳಿದಳು. ಅವಳೇ ಶಾಂತವ್ವ ಎಂದು ಆಮೇಲೆ ಗೊತ್ತಾಯಿತು. ಎರಿ ಕೈ ಎತ್ತಿದ. ಬಲ್ಲಾಳ ಬಾಗಿಲಲ್ಲಿ ನಿಂತು, "ಕಟ್ಟಿದ್ದು ನಾನು!" ಎಂದ. ಕೋಣೆಯೆಲ್ಲ ನಕ್ಕಿತು. ಹೇಮಾಳೂ ನಕ್ಕಳು, ಕಿಟಕಿಯಲ್ಲಿ ನಿಂತ ನನ್ನನ್ನು ನೋಡಿ.

ಬೆಳಗ್ಗೆ ಹೊರಡುವಾಗ ಅವಳ ಕಣ್ಣು ತುಂಬಿತು. ಎರಿ ಅವಳ ಗಲ್ಲ ಹಿಡಿದು ದೊಡ್ಡವರಂತೆ, "ಅಳಬೇಡಮ್ಮ. ನಾಳೆ ಅವರಿಗೆಲ್ಲ ಪಾಠ ಮಾಡಬೇಕಲ್ಲ, ದನಿ ಕೂತುಹೋಗುತ್ತೆ" ಎಂದ.

ಅರಸೀಕೆರೆಯಿಂದ ಬಸ್ಸಿನಲ್ಲಿ ಜಾವಗಲ್ ದಾಟುವ ಮೊದಲೇ ಇಬ್ಬರಿಗೂ ನಿದ್ದೆ. ಬಲ್ಲಾಳ ಎಡ ತೋಳಿನ ಮೇಲೆ, ಎರಿ ಬಲ ತೋಳಿನ ಮೇಲೆ. ಕುತ್ತಿಗೆಯಲ್ಲಿ ನೊಣ ಕೂತಿತ್ತು, ಓಡಿಸಲು ಕೈಯಿಲ್ಲ. ನಮ್ಮ ಮನೆಯ ತಿರುವು ಬಂದರೂ ಎಬ್ಬಿಸಲು ಮನಸ್ಸಾಗದೆ ಒಂದು ನಿಲ್ದಾಣ ಮುಂದೆ ಹೋಗಿ ಇಳಿದು, ಚಿಕ್ಕವನನ್ನು ಹೆಗಲಿಗೆ ಹಾಕಿ ದೊಡ್ಡವನನ್ನು ನಡೆಸಿಕೊಂಡು ವಾಪಸ್ಸು ಬಂದೆ.

ತೋಳು ಇನ್ನೂ ಜೋಮು ಹಿಡಿದಿದೆ. ಅಕ್ಷರಗಳು ಸೊಟ್ಟ ಸೊಟ್ಟ ಬರುತ್ತಿವೆ.